ಕೆಂಚಿಯ ಹನ್ನೊಂದು ದಿನ

ಸಂಕ್ರಾಂತಿ ಕಳೆದ ಮೇಲಿನ ಗುರುವಾರ ಬೆಳಿಗ್ಗೆ ಅಡುಗೆಮನೆಯ ಫರಸಿ ನೆಲದ ಮೇಲೆ ಸಪ್ನಾಳಿಗೆ ಎರಡು ಹನಿ ರಕ್ತ ಕಂಡಿತು. ಮಗಳು ಮಿತ್ರಾ ಕಾಲು ಕೊಯ್ದುಕೊಂಡಳೇನೋ ಎಂದು ಮೊದಲು ಗಾಬರಿಯಾದಳು. ಆಮೇಲೆ ನೋಡಿದರೆ ಕೆಂಚಿ ಮೂಲೆಯಲ್ಲಿ ಕುಳಿತು ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಿತ್ತು. ನಾಯಿ ಬೆದೆಗೆ ಬಂದಿತ್ತು. ಸಪ್ನಾ ಒದ್ದೆ ಬಟ್ಟೆ ತಂದು, ಗಂಡ ಏಳುವುದರೊಳಗೆ ಆ ಹನಿಗಳನ್ನು ಒರೆಸಿಬಿಟ್ಟಳು. ಒರೆಸಿದ ಮೇಲೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ಇಂಥದ್ದನ್ನು ಎಷ್ಟು ದಿನ ಒರೆಸಿಕೊಂಡು ಇರಲಾಗುತ್ತದೆ?

ಒಂದು ದಿನವೂ ಆಗಲಿಲ್ಲ. ಸಂಜೆ ಸಾಲೆಯಿಂದ ಬಂದ ಪರಮೇಶ್ವರ ಬಾಗಿಲಲ್ಲೇ ನಾಯಿಯನ್ನು ನೋಡಿ ನಕ್ಕ. ಅವನು ಬಬಲೇಶ್ವರದ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಷೂ ಕೂಡ ಬಿಚ್ಚದೆ ನಿಡೋಣಿಯಲ್ಲಿದ್ದ ತಂದೆಗೆ ಫೋನ್ ಹಚ್ಚಿದ.

“ಯಪ್ಪಾ, ಕೆಂಚಿ ಬೆದಿಗಿ ಬಂದೈತಿ. ಇವತ್ತ ಮೊದಲನೇ ದಿನ.”

ದಶರಥನ ದನಿ ಫೋನಿನಿಂದ ಇಡೀ ಮನೆಗೆ ಕೇಳಿಸಿತು. “ಹಂಗಾರ ಹನ್ನೆರಡನೇ ದಿನಕ್ಕ ಸರ್ಜಾನ್ನ ಕರಕೊಂಡ ಬರತೇನಿ. ಅಲ್ಲೀಮಟಾ ಓಣ್ಯಾಗಿನ ನಾಯಿ ಹತ್ತಿರ ಸುಳಿಗೊಡಬ್ಯಾಡ್ರಿ. ದಿನಾ ಎರಡ ತತ್ತಿ ಹಾಕಂತ ಸಪ್ನಾಗ ಹೇಳು. ಮರಿ ಕೊಡತೇನಂತ ಐದು ಮಂದಿಗೆ ಮಾತು ಕೊಟ್ಟೇನಿ ನಾ!”

ಕೆಂಚಿ ಮುಧೋಳ ತಳಿಯ ಹೆಣ್ಣು ನಾಯಿ. ಉದ್ದ ಕಾಲು, ಒಳಗೆ ಎಳೆದುಕೊಂಡ ಹೊಟ್ಟೆ, ಒಣಗಿದ ಜೋಳದ ದಂಟಿನಂಥ ಬಣ್ಣ. ಮೂರು ವರ್ಷದ ಹಿಂದೆ ಪರಮೇಶ್ವರ ಅದನ್ನು ಹೊನವಾಡದ ಸಂಗಣ್ಣನ ಮನೆಯಿಂದ ಅಂಗೈಯಲ್ಲಿ ಹಿಡಿದುಕೊಂಡು ತಂದಿದ್ದ. ಗೋಳಗುಮ್ಮಟದ ಹಿಂದಿನ ಓಣಿಯ ಎರಡು ಕೋಣೆಯ ಮನೆಗೆ ಆ ಕಾಲುಗಳು ಸಾಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಪರಮೇಶ್ವರ ಅದನ್ನು ಊರ ಹೊರಗಿನ ಬಯಲಿಗೆ ಒಯ್ದು ಓಡಿಸಿಕೊಂಡು ಬರುತ್ತಿದ್ದ.

ಸರ್ಜಾ ದಶರಥ ನಿಡೋಣಿಯಲ್ಲಿ ಸಾಕಿದ ಗಂಡು. ದಶರಥ ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ಈ ಮರಿಗಳ ವಿಷಯ ಬಂದಾಗಲೆಲ್ಲ ಅವನು ಒಂದೇ ಮಾತು ಹೇಳುತ್ತಿದ್ದ: “ನಾ ಸಣ್ಣಾವ ಇದ್ದಾಗ ಗೌಡರ ನಾಯಿಗೋಳಿಗೆ ರೊಟ್ಟಿ ಒಯ್ದು ಹಾಕತಿದ್ದೆ. ಅವನ್ನ ಮುಟ್ಟಾಕೂ ನಮಗ ಬಿಡತಿದ್ದಿಲ್ಲ. ಈಗ ಗೌಡರ ಮೊಮ್ಮಗ ನನ್ನ ಬಾಗಲಕ ಬಂದು, ದಶರಥಪ್ಪಾ, ಒಂದ ಮರಿ ನನಗ ಇಡು ಅಂದಾನ.” ಇದನ್ನು ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಆ ಬೆನ್ನನ್ನು ನೋಡಿಯೇ ಸಪ್ನಾ ಬಾಯಿ ಕಟ್ಟಿಕೊಂಡು ಕುಳಿತಿದ್ದಳು.

ಅವಳಿಗೆ ಮಾತ್ರ ಗೊತ್ತಿದ್ದ ಸಂಗತಿ ಇದು. ಹೋದ ಶ್ರಾವಣದ ಒಂದು ಮಧ್ಯಾಹ್ನ ಅವಳು ರಜೆ ಹಾಕಿ ಒಬ್ಬಳೇ ಮನೆಯಲ್ಲಿದ್ದಾಗ, ಅಂಗಳದಲ್ಲಿ ನಿಂತಿದ್ದ ಕೆಂಚಿ ಇದ್ದಕ್ಕಿದ್ದಂತೆ ಗೋಡೆಯನ್ನೇ ದಿಟ್ಟಿಸಿತು. ಹಲ್ಲು ಕಟಕಟ ಎಂದವು. ಪಕ್ಕಕ್ಕೆ ಬಿದ್ದು, ಬಯಲಿನಲ್ಲಿ ಓಡುವ ಹಾಗೆ ನಾಲ್ಕೂ ಕಾಲು ಬಡಿಯತೊಡಗಿತು. ಬಾಯಲ್ಲಿ ನೊರೆ ಬಂತು, ಉಚ್ಚೆ ಹರಿಯಿತು. ಎರಡು ನಿಮಿಷದ ಮೇಲೆ ಎದ್ದು, ಸಪ್ನಾಳನ್ನು ಗುರುತೇ ಇಲ್ಲದವರ ಹಾಗೆ ನೋಡಿ, ಬಾಗಿಲಿಗೆ ಹಾಯ್ದುಕೊಂಡು, ಒಂದು ಬೋಗುಣಿ ನೀರು ಕುಡಿದು ಮಲಗಿತು. ದೀಪಾವಳಿ ಆದ ಮೇಲೆ ಮತ್ತೊಮ್ಮೆ ಹೀಗೇ ಆಯಿತು. ಆಗಲೂ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡೂ ಸಲ ಅವಳು ನೆಲ ತೊಳೆದು ಸುಮ್ಮನಾದಳು.

ಅವಳಿಗೆ ಅದು ಏನೆಂದು ತಿಳಿಯದೆ ಸುಮ್ಮನಾದದ್ದಲ್ಲ. ಸಪ್ನಾ ತಿಕೋಟಾದ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ತನಗೇ ಹನ್ನೊಂದನೇ ವಯಸ್ಸಿನಿಂದ ಹದಿನಾರರವರೆಗೆ ಫಿಟ್ಸ್ ಬರುತ್ತಿತ್ತು. ತರಗತಿಯಲ್ಲಿ ಬಿದ್ದು ಎಚ್ಚರವಾದಾಗ ಸುತ್ತ ನಿಂತ ಹುಡುಗಿಯರ ಕಾಲುಗಳಷ್ಟೇ ಕಾಣುತ್ತಿದ್ದವು. ಗುಳಿಗೆಯಿಂದ ಅದು ನಿಂತಿತು. ಹತ್ತೊಂಬತ್ತಕ್ಕೆ ಡಾಕ್ಟರು ಗುಳಿಗೆಯನ್ನೂ ಬಿಡಿಸಿದರು. ನಿಡೋಣಿಯಿಂದ ಕನ್ಯೆ ನೋಡಲು ಬಂದ ದಿನ ತಾಯಿ ಒಳಗೆ ಕರೆದು, “ಹೋಗಿದ್ದ ಬ್ಯಾನಿ ಹೆಸರ ಬಾಯಾಗ ತರಬ್ಯಾಡ” ಎಂದಿದ್ದಳು. ಸಪ್ನಾ ತರಲಿಲ್ಲ. ಹದಿಮೂರು ವರ್ಷವಾಯಿತು. ಮಿತ್ರಾಳಿಗೆ ಈಗ ಹತ್ತು.

ಈಗ ಕೆಂಚಿಯ ರೋಗದ ಹೆಸರು ಹೇಳಿದರೆ, ‘ಇದು ನಿನಗ ಹ್ಯಾಂಗ ಗೊತ್ತು?’ ಎಂದು ಯಾರಾದರೂ ಕೇಳುತ್ತಾರೆ ಎಂಬ ಭಯ ಅವಳಿಗೆ.

ದಿನಗಳು ಓಡತೊಡಗಿದವು. ಮೂರನೇ ದಿನಕ್ಕೇ ಗೇಟಿನ ಹೊರಗೆ ಓಣಿಯ ನಾಲ್ಕು ಗಂಡು ನಾಯಿಗಳು ಬಂದು ಕುಳಿತವು. ಕೆಂಚಿ ರೊಟ್ಟಿ ಮೂಸಿ ಬಿಡುತ್ತಿತ್ತು, ಮಾಳಿಗೆಯ ಮೆಟ್ಟಿಲು ಹತ್ತುತ್ತಿತ್ತು, ಇಳಿಯುತ್ತಿತ್ತು, ಕುಂಯ್‌ಗುಡುತ್ತಿತ್ತು. ಸಪ್ನಾಳೂ ಹಾಗೇ ಆದಳು. ಚಹಾ ಇಟ್ಟು ಮರೆತಳು. ಲ್ಯಾಬಿನಲ್ಲಿ ಒಬ್ಬರ ರಕ್ತದ ನಳಿಗೆಗೆ ಇನ್ನೊಬ್ಬರ ಹೆಸರು ಬರೆದು, ಕೊನೆಯ ಗಳಿಗೆಯಲ್ಲಿ ಕಂಡು, ಸ್ಟೂಲಿನ ಮೇಲೆ ಕುಳಿತುಬಿಟ್ಟಳು. ಐದನೇ ದಿನ ಡ್ಯೂಟಿ ಮುಗಿಸಿ ಬಂದವಳು, ಯಾರಿಗೂ ಹೇಳದೆ ಕೆಂಚಿಯನ್ನು ಆಟೋದಲ್ಲಿ ಹಾಕಿಕೊಂಡು ಡಾಕ್ಟರ್ ನಜಮಾಳ ಹತ್ತಿರ ಹೋದಳು.

ನಜಮಾಳದು ಬಸ್‌ಸ್ಟ್ಯಾಂಡಿನ ಹಿಂದೆ ಸಣ್ಣ ಪಶು ದವಾಖಾನೆ. ಕೆಂಚಿ ಮರಿಯಾಗಿದ್ದಾಗಿನಿಂದ ಅದಕ್ಕೆ ಸೂಜಿ ಹಾಕಿದವಳು ಅವಳೇ. ಸಪ್ನಾ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದಳು, ರಕ್ತ ತೆಗೆದುಕೊಂಡಳು. ಎರಡು ದಿನ ಬಿಟ್ಟು ಸಪ್ನಾ ಒಬ್ಬಳೇ ಮತ್ತೆ ಹೋದಾಗ ರಿಪೋರ್ಟ್ ಮುಂದೆ ಇಟ್ಟಳು.

“ಲಿವರ್, ಕಿಡ್ನಿ, ಸಕ್ಕರಿ ಎಲ್ಲಾ ಬರೋಬ್ಬರಿ ಅದಾವ.”

“ಹಂಗಾರ ಛಲೋ ಆತಲ್ರಿ.”

“ಛಲೋ ಅಲ್ರಿ ಇದು. ಅವುಗಳಾಗ ಏನರ ಸಿಕ್ಕಿದ್ರ ಔಷಧ ಕೊಟ್ಟು ಅದನ್ನ ಸುಧಾರಿಸತಿದ್ದೆ. ಏನೂ ಸಿಗಲಿಲ್ಲ ಅಂದ್ರ, ಹುಟ್ಟಿನಿಂದ ಬಂದಿದ್ದಿರಬಹುದು.”

“ಖಾತ್ರಿ ಏನ್ರಿ?”

“ಖಾತ್ರಿ ಹೇಳೂ ಟೆಸ್ಟ್ ನನ್ನ ಹತ್ತಿರ ಇಲ್ಲ. ಅದರ ತಾಯಿಗೆ, ಜೋಡಿ ಹುಟ್ಟಿದ ಮರಿಗೋಳಿಗೆ ಏನಾಗೇತಿ ಕೇಳ್ಕೊಂಡ ಬರ್ರಿ. ಆದ್ರ ನನ್ನ ಕೇಳಿದ್ರ, ಕೇಳದಿದ್ರೂ ನಡೀತೈತಿ. ಫಿಟ್ಸ್ ಬಂದ ನಾಯಿಗೆ ಮರಿ ಹಾಕಸಬಾರದು.”

ಸಪ್ನಾ ರಿಪೋರ್ಟಿನ ಅಂಚನ್ನು ಮಡಚುತ್ತ ಬಿಚ್ಚುತ್ತ ಕುಳಿತಳು. ನಜಮಾ ಮುಂದುವರಿಸಿದಳು: “ಏಳೆಂಟು ಮರಿ ಹಾಕತೈತಿ ಇದು. ಎಲ್ಲಾಕ್ಕೂ ಬರತೈತಿ ಅಂತಲ್ಲ. ಯಾವುದಕ್ಕ ಬರತೈತಿ ಅಂತ ಎರಡ-ಮೂರ ವರ್ಷ ಗೊತ್ತಾಗೂದಿಲ್ಲ. ಅಷ್ಟರಾಗ ಅವು ಯಾರ್ಯಾರ ಹೊಲದಾಗೋ ಇರತಾವ. ಬಿದ್ದು ಒದ್ದಾಡಿದ್ರ ದೆವ್ವ ಬಡದೈತಿ ಅಂತ ಹೊಡದ ಓಡಸತಾರ. ನಾ ನೋಡೇನಿ.”

“ಮನಿಷ್ಯಾರಿಗೂ ಹಂಗ ಏನ್ರಿ ಡಾಕ್ಟರ? ಫಿಟ್ಸ್ ಇದ್ದವರು ಮಕ್ಕಳನ್ನ…”

ನಜಮಾ ತಲೆ ಎತ್ತಿ ಅವಳನ್ನು ನೋಡಿದಳು. ಏನೋ ಕೇಳಲಿಕ್ಕೆ ಹೋಗಿ ಬಿಟ್ಟಳು. “ನಾ ದನದ ಡಾಕ್ಟರ್ರಿ. ಆದ್ರ ಇಷ್ಟ ಹೇಳತೇನಿ. ಮನಿಷ್ಯಾ ತಿಳಕೊಂತಾನ, ಔಷಧ ತಗೋತಾನ, ಮಕ್ಕಳು ಬೇಕೋ ಬ್ಯಾಡೋ ತಾನ ನಿರ್ಧಾರ ಮಾಡತಾನ. ಅದು ಅವನ ಹಕ್ಕು. ನಾಯಿ ಪರವಾಗಿ ನಾವ ನಿರ್ಧಾರ ಮಾಡೂದು. ಎರಡೂ ಒಂದ ತಕ್ಕಡ್ಯಾಗ ಹಾಕಬ್ಯಾಡ್ರಿ.”

ಅಷ್ಟಕ್ಕೇ ಸಪ್ನಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಬರೀ ಎರಡು ಸಲ ತಾನೇ ಎಂದು ಮನಸ್ಸು ಹಟ ಹಿಡಿಯಿತು. ಆ ತಳಿಯಲ್ಲಿ ಬೇರೆ ಯಾವುದಕ್ಕೂ ಏನೂ ಇಲ್ಲದಿದ್ದರೆ? ಆಗ ಯಾರ ಮುಂದೆಯೂ ಬಾಯಿ ಬಿಡಬೇಕಿಲ್ಲ, ಮಾವನ ಬೆನ್ನು ಬಾಗಬೇಕಿಲ್ಲ. ಆ ಆಸೆಯನ್ನೇ ಹಿಡಿದುಕೊಂಡು ಒಂಬತ್ತನೇ ದಿನ, ಶುಕ್ರವಾರ, ಮಧ್ಯಾಹ್ನದಿಂದ ಅರ್ಧ ರಜೆ ಹಾಕಿ ತಿಕೋಟಾದಿಂದ ಹೊನವಾಡದ ಬಸ್ಸು ಹತ್ತಿದಳು.

ದ್ರಾಕ್ಷಿ ಕಟಾವಿಗೆ ಬಂದ ಕಾಲ. ಸಂಗಣ್ಣನ ಮನೆ ತೋಟದ ಅಂಚಿಗೇ ಇತ್ತು. ಅಂಗಳದ ಬೇವಿನ ನೆರಳಲ್ಲಿ ಕೆಂಚಿಯ ತಾಯಿ ಮೈನಾ ಮುದಿಯಾಗಿ ಮಲಗಿತ್ತು. ಅದರ ಪಕ್ಕದಲ್ಲೇ ಸಂಗಣ್ಣನ ತಾಯಿ ಭೀಮಾಬಾಯಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದಳು. ಸಂಗಣ್ಣ ತೋಟದಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಬರ್ರಿ ಬಾಯಾರ. ಪರಮೇಶ್ವರ ಮಾಸ್ತರ ಆರಾಮ ಅದಾರ? ಕೆಂಚಿ ಹ್ಯಾಂಗೈತಿ?”

“ಬೆದಿಗಿ ಬಂದೈತ್ರಿ. ಮರಿ ಹಾಕಸೂ ವಿಚಾರ ಐತಿ. ಅದಕ್ಕ ಒಂದ ಮಾತ ಕೇಳಾಕ ಬಂದೆ. ಮೈನಾಗ ಆಗಲಿ, ಕೆಂಚಿ ಜೋಡಿ ಹುಟ್ಟಿದವಕ್ಕ ಆಗಲಿ, ಯಾವಾಗರ ಫಿಟ್ಸ್ ಬಂದಿತ್ತೇನ್ರಿ?”

ಸಂಗಣ್ಣನ ನಗೆ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ಮೈನಾನ ಹೊಟ್ಟೀಲೆ ಹುಟ್ಟಿದ್ದು ಮೂವತ್ತರ ಮ್ಯಾಲ ಅದಾವ. ಒಂದಕ್ಕೂ ಏನೂ ಆಗಿಲ್ಲ.”

“ಕೆಂಚಿ ಸೂಲಿನಾಗಿನವು ಎಲ್ಲಾ ಅದಾವೇನ್ರಿ?”

“ಏಳು ಹುಟ್ಟಿದ್ದವು. ಒಂದ ಗಂಡ ನಾನ ಇಟ್ಕೊಂಡಿದ್ದೆ. ಬಾಂವ್ಯಾಗ ಬಿದ್ದು ಸತ್ತತು. ಕಾಲ ಜಾರಿ.” ಅವನು ತೋಟದ ಕಡೆ ತಿರುಗಿದ. “ದವಾಖಾನಿ ಮಂದಿಗೆ ಎಲ್ಲಾದರಾಗೂ ರೋಗ ಕಾಣತೈತ್ರಿ ಬಾಯಾರ. ಚಿಂತಿ ಬಿಟ್ಟು ಮರಿ ಹಾಕಸ್ರಿ. ಚಹಾ ಕುಡದ ಹೋಗ್ರಿ.”

ಭೀಮಾಬಾಯಿ ಇಷ್ಟು ಹೊತ್ತು ತಲೆ ಎತ್ತಿರಲಿಲ್ಲ. ಮೊರದಲ್ಲಿದ್ದ ತೊಗರಿಯನ್ನು ಮಾತ್ರ ಒಂದೇ ಸಮ ಆಡಿಸುತ್ತಿದ್ದಳು, ಕಲ್ಲು ಯಾವುದು ಕಾಳು ಯಾವುದು ನೋಡದೆ.

ಸಪ್ನಾ ಚಹಾ ಕುಡಿದು ಹೊರಟಳು. ಎದೆ ಹಗುರಾಗಬೇಕಾಗಿತ್ತು; ಹೇಳಬೇಕಾದವನೇ ಹೇಳಿದ್ದಾನೆ, ಇನ್ನು ತನ್ನದೇನು ತಪ್ಪು? ಬಸ್‌ಸ್ಟಾಪಿನಲ್ಲಿ ನಿಂತು ಹೀಗೆ ತನ್ನೊಡನೆ ತಾನು ವಾದ ಮಾಡುತ್ತಿದ್ದಾಗ ಹಿಂದಿನಿಂದ ಯಾರೋ ಏದುಸಿರು ಬಿಡುವುದು ಕೇಳಿಸಿತು. ಭೀಮಾಬಾಯಿ ಒಂದು ಕೈಯಲ್ಲಿ ಮೊಣಕಾಲು ಹಿಡಿದುಕೊಂಡು, ಇನ್ನೊಂದರಲ್ಲಿ ದ್ರಾಕ್ಷಿಯ ಗೊಂಚಲು ಹಿಡಿದುಕೊಂಡು ಬರುತ್ತಿದ್ದಳು.

“ತಗೋ ಯವ್ವಾ. ಹಣ್ಣ ಕೊಟ್ಟ ಬರತೇನಿ ಅಂತ ಹೇಳಿ ಬಂದೇನಿ.” ಗೊಂಚಲನ್ನು ಸಪ್ನಾಳ ಕೈಗೆ ತುರುಕಿ, ಸುತ್ತ ನೋಡಿ, ದನಿ ಇಳಿಸಿದಳು. “ಆ ಗಂಡ ಮರಿ ಕಾಲ ಜಾರಿ ಬಿದ್ದಿಲ್ಲ. ಅದಕ್ಕಿಂತ ಮೊದಲ ಮೂರ ಸಲ ನನ್ನ ಕಣ್ಣಮುಂದ ಅಂಗಳದಾಗ ಬಿದ್ದು ಒದ್ದಾಡಿತ್ತು. ಅವತ್ತ ಬಾಂವಿ ಕಟ್ಟಿ ಮ್ಯಾಲ ನಿಂತಾಗ ಬಂತು. ನಾ ದೂರಿಂದ ನೋಡಾಕತ್ತಿದ್ದೆ. ಕೂಗಿದೆ. ಓಡಾಕ ಈ ಕಾಲು ಎಲ್ಲಿ ಕೇಳತಾವ?”

“ಸಂಗಣ್ಣಾರಿಗೆ ಗೊತ್ತೈತೇನ್ರಿ ಆಯಿ?”

“ಗೊತ್ತೈತಿ. ಯಾರ ಮುಂದೂ ಆಡಬ್ಯಾಡ ಅಂದಾನ. ಮಹಾರಾಷ್ಟ್ರದಿಂದ ಮಂದಿ ಬರತಾರ ಮರಿ ಕೇಳಾಕ. ಕೆಟ್ಟಾಂವ ಅಲ್ಲ ಅಂವ. ಹೆಸರ ಹೋಗತೈತಿ ಅಂತ ಅಂಜತಾನ.”

“ಮತ್ತ ನನಗ ಯಾಕ ಹೇಳಿದ್ರಿ?”

“ನೀ ಕೇಳಾಕ ಬಂದೆಲ್ಲ ಬೇ. ಇಷ್ಟ ವರ್ಷದಾಗ ಮರಿ ಒಯ್ದವರು ಒಬ್ಬರೂ ತಿರುಗಿ ಬಂದು ಕೇಳಿಲ್ಲ.” ಬಸ್ಸಿನ ಹಾರ್ನ್ ಕೇಳಿಸಿತು. ಮುದುಕಿ ಹಿಂದೆ ಸರಿದಳು. “ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ.”

ಹಿಂದಿರುಗುವ ದಾರಿಯುದ್ದಕ್ಕೂ ಸಪ್ನಾ ಕಿಟಕಿಯ ಪಕ್ಕ ಕುಳಿತು ಮಾತು ಕಟ್ಟಿದಳು, ಮುರಿದಳು. ಕೆಂಚಿಗೆ ಗರ್ಭಕೋಶದ ತೊಂದರೆ ಐತಿ ಅನ್ನಲೇ? ಡಾಕ್ಟರು ಬ್ಯಾಡ ಅಂದಾರ ಅಂತಷ್ಟೇ ಹೇಳಲೇ? ಒಂದು ಸುಳ್ಳಿಗೆ ಇನ್ನೊಂದನ್ನು ಆಸರೆ ಕೊಡುತ್ತ ಹೋದರೆ ಅದಕ್ಕೆ ಕೊನೆ ಎಲ್ಲಿ? ಸತ್ಯ ಹೇಳಿದರೋ, ‘ರಕ್ತದಾಗ ಬರೂ ರೋಗ’ ಎಂಬ ಮಾತನ್ನು ತನ್ನ ಬಾಯಿಂದಲೇ ಆ ಮನೆಯಲ್ಲಿ ಆಡಬೇಕು. ಆ ಮಾತು ಆಡಿದ ಮೇಲೆ ಮಿತ್ರಾಳ ಮುಖವನ್ನು ಹೇಗೆ ನೋಡುವುದು? ತಿಕೋಟಾ ದಾಟಿತು. ದ್ರಾಕ್ಷಿಯ ಗೊಂಚಲು ತೊಡೆಯ ಮೇಲೇ ಇತ್ತು. ಒಂದು ಹಣ್ಣನ್ನೂ ಅವಳು ಬಾಯಿಗೆ ಹಾಕಲಿಲ್ಲ.

ಶನಿವಾರ ಪೂರ್ತಿ ಹೇಳಬೇಕೆಂದು ಗಂಡನ ಹಿಂದೆ ಮುಂದೆ ತಿರುಗಿದಳು. ಅವನು ಗೇಟಿನ ಸಂದುಗಳಿಗೆ ತಂತಿ ಬಿಗಿಯುತ್ತಿದ್ದ. ಹೊರಗೆ ಈಗ ಒಂಬತ್ತು ನಾಯಿಗಳು. “ನಾಳೆ ಒಂದ ದಿನ ಕಾದರ ಆತು” ಎಂದು ನಕ್ಕ. ಅವಳು ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು.

ದಶರಥ ಆ ಒಂದು ದಿನವೂ ಕಾಯಲಿಲ್ಲ. ಹನ್ನೊಂದನೇ ದಿನ, ರವಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಮನೆಯ ಮುಂದೆ ಮೂರು ಗಾಲಿಯ ಸರಕು ಗಾಡಿ, ಟಂಟಂ, ಬಂದು ನಿಂತಿತು. ಹಿಂದೆ ಗೋಣಿಚೀಲದ ಮೇಲೆ ಸರ್ಜಾ ರಾಜನ ಹಾಗೆ ಕುಳಿತಿತ್ತು. ಕೊರಳಿಗೆ ಹೊಸ ಪಟ್ಟಿ. ದಶರಥನೂ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಓಣಿಯ ನಾಯಿಗಳು ಒಮ್ಮೆಲೇ ಬೊಗಳತೊಡಗಿದವು.

“ರವಿವಾರ ಪರಮೇಶಿ ಮನ್ಯಾಗ ಇರತಾನಂತ ಒಂದ ದಿನ ಮೊದಲ ಬಂದೆ” ಎನ್ನುತ್ತ ದಶರಥ ಇಳಿದ.

ಟಂಟಂನ ಸದ್ದು ಕೇಳಿದ ಕೂಡಲೇ ಸಪ್ನಾ ಕೆಂಚಿಯನ್ನು ಮಾಳಿಗೆಯ ಕೋಣೆಗೆ ಎಳೆದೊಯ್ದು ಕೀಲಿ ಹಾಕಿದ್ದಳು. ಈಗ ಕೀಲಿಕೈ ಮುಷ್ಟಿಯಲ್ಲಿ ಹಿಡಿದು ಗೇಟಿಗೆ ಬಂದಳು.

“ಮಾವಾರ, ಸರ್ಜಾನ್ನ ಇಳಸಬ್ಯಾಡ್ರಿ.”

“ಯಾಕವಾ? ಇನ್ನೂ ಕೂಡಾಕ ಬಿಡವಲ್ದೇನು?”

“ಅದಲ್ರಿ. ಕೆಂಚಿಗೆ ಮರಿ ಹಾಕಸೂದು ಬ್ಯಾಡ.”

ಪರಮೇಶ್ವರ ಒಳಗಿನಿಂದ ಬಂದ. “ಏನ ಹೇಳಾಕತ್ತೀ ನೀ?”

ಅವಳು ಹೇಳಿದಳು. ಶ್ರಾವಣದ್ದು, ದೀಪಾವಳಿಯದ್ದು, ನಜಮಾ ಅಂದದ್ದು, ಕೆಂಚಿಯ ಜೋಡಿ ಹುಟ್ಟಿದ ಇನ್ನೊಂದಕ್ಕೂ ಹೀಗೇ ಆಗಿತ್ತೆಂದು ಕೇಳಿದ್ದು. ಯಾರಿಂದ ಕೇಳಿದ್ದೆಂದು ಹೇಳಲಿಲ್ಲ. ಪರಮೇಶ್ವರನ ಮುಖ ಕೆಂಪಾಯಿತು.

“ಶ್ರಾವಣದಾಗ ಆಗಿದ್ದನ್ನ ಈಗ ಹೇಳತೀ? ಯಪ್ಪಾ ನಾಯಿ ಹೇರಿಕೊಂಡ ಬಂದ ಮ್ಯಾಲ? ಇಷ್ಟ ದಿನ ಬಾಯಾಗ ಏನ ಇಟ್ಕೊಂಡಿದ್ದಿ?”

ದಶರಥ ಕೈ ಎತ್ತಿ ಮಗನನ್ನು ತಡೆದ. ಅವನಿಗೆ ಸಿಟ್ಟು ಬಂದಿರಲಿಲ್ಲ. ಸಣ್ಣ ಮಕ್ಕಳ ಅಂಜಿಕೆ ಬಿಡಿಸುವವರ ಹಾಗೆ ಮಾತಾಡಿದ. “ಎರಡ ಸಲ ಬಿದ್ದರ ಏನಾತವಾ? ನಮ್ಮ ಓಣ್ಯಾಗ ಇಬ್ಬರಿಗೆ ಮೂರ್ಛೆ ಬರತೈತಿ. ಇಬ್ಬರದೂ ಲಗ್ನ ಆಗೇತಿ, ಮಕ್ಕಳ ಅದಾವ. ಮನಿಷ್ಯಾರಿಗೆ ಇಲ್ಲದ್ದು ನಾಯಿಗ್ಯಾಕ?”

“ಹೌದ್ರಿ. ನನ್ನ ಲಗ್ನಾನೂ ಆಗೇತಿ.”

ಇಬ್ಬರಿಗೂ ತಿಳಿಯಲಿಲ್ಲ. ಟಂಟಂ ಡ್ರೈವರ್ ಬೀಡಿ ಹಚ್ಚಿಕೊಂಡು ಆಚೆ ಹೋಗಿದ್ದ. ಸಪ್ನಾ ಗೇಟಿನ ಸರಳು ಹಿಡಿದುಕೊಂಡಳು.

“ನನಗ ಹನ್ನೊಂದು ವರ್ಷದಾಕಿ ಇದ್ದಾಗಿಂದ ಹದಿನಾರರ ಮಟಾ ಫಿಟ್ಸ್ ಬರತಿತ್ತು. ಗುಳಗಿ ತಗೊಂಡೆ, ನಿಂತತು. ಆಮ್ಯಾಲ ಒಮ್ಮೆನೂ ಬಂದಿಲ್ಲ. ನಿಮಗ ಯಾರಿಗೂ ಹೇಳಲಿಲ್ಲ. ಹೇಳಿದ್ರ ನೀವು ಹೂಂ ಅಂತಿದ್ರೇನೋ, ಉಹೂಂ ಅಂತಿದ್ರೇನೋ. ಎರಡೂ ಅನ್ನಾಕ ನಿಮಗ ಬಿಡಲಿಲ್ಲ ನಾವು. ನನಗ ಬಾಯಿ ಇತ್ತು, ಮುಚ್ಕೊಂಡೆ. ಈಗ ಆ ಐದು ಮಂದಿಗೆ ಮತ್ತ ಅದನ್ನ ಮಾಡಾಕ ನನಗ ಆಗೂದಿಲ್ರಿ ಮಾವಾರ.”

ಹೇಳಿ ಮುಗಿದ ಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಮಿತ್ರಾ ನಿಂತಿದ್ದಳು, ತಲೆಯ ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಕೊಂಡೇ.

ನಾಯಿಗಳು ಬೊಗಳುತ್ತಲೇ ಇದ್ದವು. ಮಾಳಿಗೆಯ ಮೇಲೆ ಕೆಂಚಿ ಬಾಗಿಲು ಕೆರೆಯುತ್ತಿತ್ತು. ದಶರಥ ಸರ್ಜಾನ ತಲೆಯ ಮೇಲೆ ಕೈ ಇಟ್ಟುಕೊಂಡು ಬಹಳ ಹೊತ್ತು ನಿಂತ. ಆಮೇಲೆ ಡ್ರೈವರನನ್ನು ಕರೆದ.

“ಗಾಡಿ ತಿರುಗಿಸಪಾ.”

“ಮಾವಾರ, ಚಹಾ ಕುಡದರ ಹೋಗ್ರಿ.”

“ಬಿಸಲ ಏರಾಕತ್ತೈತಿ. ನಾಯಿಗೆ ತ್ರಾಸ ಆಗತೈತಿ” ಎಂದು ಅವಳ ಮುಖ ನೋಡದೆ ಹತ್ತಿ ಕುಳಿತ.

ಪರಮೇಶ್ವರ ನಾಲ್ಕು ದಿನ ಅವಳೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ಮಿತ್ರಾಳನ್ನು ಕೇಳಿದ. ಮಿತ್ರಾ ಮಾತ್ರ ಆ ರವಿವಾರ ಮಧ್ಯಾಹ್ನವೇ ತಾಯಿಯ ಹತ್ತಿರ ಬಂದು ನೆಟ್ಟಗೆ ಕೇಳಿದ್ದಳು: “ನನಗೂ ಬರತೈತೇನು?” ಸಪ್ನಾ ಸುಳ್ಳು ಹೇಳಲಿಲ್ಲ. ಇಷ್ಟು ವರ್ಷ ಬಂದಿಲ್ಲ, ಬರದೇ ಇರಬಹುದು. ಬಂದರೂ ಅದಕ್ಕೆ ಔಷಧ ಇದೆ, ತಾನೇ ಅದರ ಸಾಕ್ಷಿ ಎಂದಳು. “ಹೂಂ” ಎಂದು ಹುಡುಗಿ ಇನ್ನೊಂದು ಜಡೆ ಹಾಕಿಸಿಕೊಳ್ಳಲು ಬೆನ್ನು ತಿರುಗಿಸಿ ಕುಳಿತಳು.

ಐದನೇ ದಿನ ಸಂಜೆ ಸಪ್ನಾ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದಾಗ ಪರಮೇಶ್ವರ ಬಂದು ಗೋಡೆಗೆ ಒರಗಿದ.

“ಮಿತ್ರಾ ಮಲಗಿದಾಗ ಎದ್ದೆದ್ದು ನೋಡತಿದ್ದೆಲ್ಲ, ಅದಕ್ಕೇನು?”

“ಹೂಂ.”

“ನಾ ಸೊಳ್ಳಿ ನೋಡತೀ ಅಂತ ತಿಳಕೊಂಡಿದ್ದೆ.” ಅವನು ತಂತಿಯ ಮೇಲಿದ್ದ ಬಟ್ಟೆಯ ಕ್ಲಿಪ್ಪೊಂದನ್ನು ಕಿತ್ತ. “ಹದಿಮೂರ ವರ್ಷ ಸಪ್ನಾ. ಒಂದ ದಿನಾನೂ ಹೇಳಬೇಕ ಅನ್ನಿಸಲಿಲ್ಲೇನು?”

“ದಿನಾ ಅನ್ನಿಸತಿತ್ರಿ.”

“ನನಗ ಸಿಟ್ಟು ಫಿಟ್ಸಿನ ಮ್ಯಾಲ ಅಲ್ಲ.”

“ಗೊತ್ತೈತ್ರಿ.”

“ಸಿಟ್ಟ ಹೋಗಿಲ್ಲ ಇನ್ನೂ.”

“ಹೋಗೂಮಟಾ ಇರಲಿ. ಆದ್ರ ಮಾತ ಆಡ್ರಿ.”

ಅವನು ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದ.

ನಿಡೋಣಿಯಿಂದ ಎರಡು ವಾರ ಫೋನ್ ಬರಲಿಲ್ಲ. ಆಮೇಲೆ ಬಂದದ್ದು ಪರಮೇಶ್ವರನಿಗೆ. ದಶರಥ ಮಾತು ಕೊಟ್ಟ ಐದೂ ಮನೆಗೆ ತಾನೇ ನಡೆದು ಹೋಗಿ, ಮರಿ ಇಲ್ಲ, ನಾಯಿಗೆ ಮೂರ್ಛೆರೋಗ ಐತಿ ಎಂದು ಹೇಳಿ ಬಂದಿದ್ದ. ನಾಲ್ಕು ಮಂದಿ ಹೌದೇನು ಎಂದು ಬಿಟ್ಟರು. ಗೌಡರ ಮೊಮ್ಮಗ ಮಾತ್ರ, “ಕೊಡಾಕ ಮನಸಿಲ್ಲಂತ ನೆಟ್ಟಗ ಹೇಳು ದಶರಥಪ್ಪಾ, ನೆವ ಯಾಕ?” ಎಂದು ಜನರೆದುರು ನಕ್ಕನಂತೆ. ಇದನ್ನು ಹೇಳುವಾಗ ಅಪ್ಪನ ದನಿ ಸಣ್ಣದಾಗಿತ್ತು ಎಂದು ಪರಮೇಶ್ವರ ಸಪ್ನಾಳಿಗೆ ಹೇಳಿದ. ಅವಳು ಅಂದು ರಾತ್ರಿ ಊಟ ಮಾಡಲಿಲ್ಲ.

ದಶರಥ ಅಷ್ಟಕ್ಕೇ ನಿಲ್ಲದೆ, ಹೊನವಾಡಕ್ಕೂ ಹೋಗುತ್ತೇನೆಂದು ಅದೇ ಫೋನಿನಲ್ಲಿ ಹೇಳಿ, ಮಾರನೇ ವಾರ ಹೋದ. ಕೆಂಚಿಗೆ ಆದದ್ದಷ್ಟನ್ನೇ ಹೇಳಿ, ಬೇರೆ ಯಾರ ಹೆಸರೂ ಎತ್ತಬಾರದೆಂದು ಸಪ್ನಾ ಗಂಡನ ಕೈಯಿಂದ ಮೊದಲೇ ಹೇಳಿಸಿದ್ದಳು. ಅವನು ಹಾಗೇ ಮಾಡಿದ. ಸಂಗಣ್ಣ ಮೊದಲು ಜಗಳ ತೆಗೆದನಂತೆ. ದಶರಥ ಎದ್ದು ಬಾಗಿಲವರೆಗೆ ಹೋದಾಗ ಹಿಂದಿನಿಂದ ಕೇಳಿದನಂತೆ: “ಎಷ್ಟನೇ ವರ್ಷಕ್ಕ ಬಂತು ಅದಕ್ಕ?” ಮುಂದೆ ಅವನು ಮರಿ ಹಾಕಿಸುವುದನ್ನು ಬಿಟ್ಟನೋ ಇಲ್ಲವೋ ಇವರಿಗೆ ತಿಳಿಯಲಿಲ್ಲ.

ಮಾರ್ಚಿನಲ್ಲಿ ಕೆಂಚಿಗೆ ಮೂರನೇ ಸಲ ಫಿಟ್ಸ್ ಬಂತು. ಈ ಸಲ ಮನೆಯಲ್ಲಿ ಮೂವರೂ ಇದ್ದರು. ಪರಮೇಶ್ವರ ಗಾಬರಿಯಾಗಿ ಹಿಡಿಯಲಿಕ್ಕೆ ಹೋದ. “ಬಾಯಿಗೆ ಕೈ ಹಾಕಬ್ಯಾಡ್ರಿ, ಸುತ್ತಲಿನ ಸಾಮಾನ ಸರಸ್ರಿ” ಎಂದು ಸಪ್ನಾ ಕೂಗಿದಳು. ಮಿತ್ರಾ ಗಡಿಯಾರ ನೋಡುತ್ತ ನಿಂತಳು. ಒಂದು ನಿಮಿಷ ನಲವತ್ತು ಸೆಕೆಂಡು ಎಂದು ಹುಡುಗಿ ನಜಮಾಳಿಗೆ ತಾನೇ ಒಪ್ಪಿಸಿದಳು. ನಜಮಾ ಗುಳಿಗೆ ಶುರು ಮಾಡಿದಳು. ಬೆದೆಗೆ ಬಂದು ಮೂರು ತಿಂಗಳಾದ ಮೇಲೆ ಮರಿಯಾಗದಂತೆ ಆಪರೇಷನ್ ಮಾಡೋಣ, ಈ ತಳಿಗೆ ಮಂಪರಿನ ಔಷಧವನ್ನು ಬಹಳ ನೋಡಿ ಕೊಡಬೇಕಾಗುತ್ತದೆ ಎಂದು ತಿಳಿಸಿ ಹೇಳಿದಳು.

ಆಪರೇಷನ್ ಏಪ್ರಿಲ್ ಕೊನೆಗೆ ಆಯಿತು. ಅಂದು ಬೆಳಿಗ್ಗೆ ಯಾರೂ ಕರೆಯದೆ ದಶರಥ ನಿಡೋಣಿಯಿಂದ ಮೊದಲ ಬಸ್ಸಿಗೆ ಬಂದ. ಪರಮೇಶ್ವರ ಕೆಂಚಿಯನ್ನು ಎತ್ತಿಕೊಂಡು ಒಳಗೆ ಹೋದ ಮೇಲೆ, ಹೊರಗಿನ ಬಾಕಿನ ಮೇಲೆ ಮಾವ ಸೊಸೆ ಇಬ್ಬರೇ ಉಳಿದರು. ಜನವರಿಯಿಂದ ಈಚೆಗೆ ಅವರಿಬ್ಬರೂ ಎದುರು ಬದುರು ಕುಳಿತದ್ದು ಅದೇ ಮೊದಲು. ಸಪ್ನಾ ಎದ್ದು ನಿಂತಳು, ಮತ್ತೆ ಕುಳಿತಳು, ಒಳಗಿನ ಬಾಗಿಲು ನೋಡಿದಳು.

“ಕುಂಡರವಾ” ಎಂದ ದಶರಥ. ಎದುರಿನ ಗೋಡೆ ನೋಡುತ್ತ ಕೇಳಿದ: “ಈಗ ನಿನಗೇನೂ ಇಲ್ಲಲ್ಲ? ತಲಿ ಸುತ್ತೂದು, ಅದೂ ಇದೂ?”

“ಇಲ್ರಿ ಮಾವಾರ.”

“ಇದ್ದರ ಹೇಳಬೇಕ ಮತ್ತ.”

“ಹೇಳತೇನ್ರಿ.”

ಒಳಗಿನಿಂದ ನಜಮಾ ಬಂದು ಎಲ್ಲ ಸಸೂತ್ರವಾಯಿತು, ಇನ್ನೊಂದು ತಾಸಿನಲ್ಲಿ ಒಯ್ಯಬಹುದು ಎಂದಳು. ದಶರಥ ಮೊಣಕಾಲಿಗೆ ಕೈ ಊರಿ ಎದ್ದ. “ಟಂಟಂ ಹೇಳಿ ಬರತೇನಿ. ಆಟೋದಾಗ ಅದರ ಕಾಲ ಹಿಡಿಸೂದಿಲ್ಲ” ಎಂದು ಬಿಸಿಲಿಗೆ ಟವೆಲ್ಲು ತಲೆಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.